ಹದಿನಾಲ್ಕು ಸಾವಿರದ ಕೌದಿ: ಕಲೆನಾ, ಹೊದಿಕೆನಾ, ಪ್ರತಿಭಟನೆನಾ?

ಮುಂಗಾರುಮಳ್ಳ
ಸೀದಾ ಪ್ರಶ್ನೆಗೆ ಬರ್ತೀನಿ. ಹಳೆ ಸೀರೆ, ಪಂಚೆ, ಹರಿದ ಅಂಗಿ ಎಲ್ಲ ಪದರ ಪದರ ಹಾಸಿ ಕೈಯಲ್ಲಿ ಹೊಲಿಯೋ ಕೌದಿ ಇದ್ಯಲ್ಲ, ಅದು ಕಲೆನಾ, ಮನೆ ಸಾಮಾನಾ, ಅಥವಾ ಈ ಕೊಳ್ಳು, ಬಿಸಾಕು, ಮತ್ತೆ ಕೊಳ್ಳು ಅನ್ನೋ ಹುಚ್ಚಿನ ವಿರುದ್ಧ ಒಂದು ಪ್ರತಿಭಟನೆನಾ?

ಯಾಕೆ ಕೇಳ್ತಿದೀನಿ ಅಂದ್ರೆ ಬೆಂಗಳೂರಿನ ಒಂದು ಮಾಲ್‌ನಲ್ಲಿ ಕೌದಿನ ಗೋಡೆಗೆ ತೂಗುಹಾಕಿ, ಮೇಲಿಂದ ಹಳದಿ ಲೈಟ್ ಬಿಟ್ಟು, ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ರು. ಇದನ್ನ ಕೊಂಡ್ರೆ ನೀವು ಗ್ರಾಹಕ ಸಂಸ್ಕೃತಿನ ವಿರೋಧಿಸಿದ ಹಾಗೆ ಅನ್ನೋ ಅರ್ಥದ್ದು, ಇಂಗ್ಲಿಷ್‌ನಲ್ಲಿ. ರೇಟು ಹದಿನಾಲ್ಕು ಸಾವಿರ. ಇಎಂಐ ಸೌಲಭ್ಯ ಉಂಟು.

ನಮ್ಮಜ್ಜಿ ರಾಣೆಬೆನ್ನೂರು ಕಡೆಯೋಳು. ಅವಳ ಕೈಗೆ ಸಿಕ್ಕಿದ ಬಟ್ಟೆಗೆ ಸಾವೇ ಇರ್ತಿರ್ಲಿಲ್ಲ. ಸೀರೆ ಸವೆದ್ರೆ ಮಕ್ಕಳಿಗೆ ಲಂಗ, ಅದು ಹರಿದ್ರೆ ದಿಂಬಿನ ಚೀಲ, ಆಮೇಲೆ ಕೌದಿ ಒಳಪದರ, ಕೌದಿನೂ ಚಿಂದಿ ಆದ್ಮೇಲೆ ಒಲೆ ಹತ್ರ ಮಸಿಬಟ್ಟೆ. ಸಸ್ಟೈನಬಲ್ ಅನ್ನೋ ಪದ ಅವಳ ಕಿವಿಗೆ ಬಿದ್ದಿರ್ಲಿಲ್ಲ. ನನ್ನ ವಾದ ಏನಂದ್ರೆ, ಅವಳು ಹೆಸರಿಡದೇ ಇದ್ರೂ ಮಾಡಿದ್ದು ಪ್ರತಿರೋಧನೇ. ನಾವೆಲ್ಲ ಇಷ್ಟುದ್ದ ಪೋಸ್ಟ್ ಹಾಕ್ತೀವಿ, ಅವಳು ಹೊಲಿದಿಟ್ಟು ಹೋದಳು. ನೀವೇನಂತೀರಾ?

ಅರ್ಧಟೀ
ಬಂಡಾಯಕ್ಕೆ ಇಎಂಐ. ಡೌನ್‌ಪೇಮೆಂಟ್ ಎಷ್ಟು ಗುರು?

ಜೋಳದರೊಟ್ಟಿ
ತಮ್ಮಾ, ಸಿಟ್ಟಾಗಬ್ಯಾಡ, ನಿಮ್ಮಜ್ಜಿ ಯಾವ ಪ್ರತಿರೋಧಾನೂ ಮಾಡ್ಲಿಲ್ಲ. ಥಂಡಿ ಬಿಡ್ತಿತ್ತು, ಹೊಚಗೊಳ್ಳಾಕ ಇರ್ಲಿಲ್ಲ, ಹೊಲದ್ಲು. ಬಡತನಕ್ಕ ಇಷ್ಟ ಛಂದ ಹೆಸರ ಇಟ್ರ ನಮ್ಮಂಥಾವ್ರಿಗೆ ಕಿರಿಕಿರಿ ಆಕ್ಕೇತಿ.

ನಮ್ಮವ್ವನ ಕಥಿ ಹೇಳ್ತೀನಿ ಕೇಳು. ಬ್ಯಾಸಗ್ಯಾಗ ಹೊಲದ ಕೆಲಸ ಇಲ್ದಾಗ ಪಡಸಾಲ್ಯಾಗ ಬಟ್ಟಿ ಹರವಿ, ನಾಕು ಮೂಲಿಗೆ ನಾಕು ಕಲ್ಲ ಇಟ್ಟು ಅವರಿವರ ಮನಿ ಹೆಣ್ಮಕ್ಕಳು ಕೂಡಿ ಹೊಲೀತಿದ್ರು. ಬೆನ್ನ ಬ್ಯಾನಿ, ಕಣ್ಣ ಉರಿ, ಹೆಬ್ಬಟ್ಟಿಗೆ ಸೂಜಿ ಚುಚ್ಚಿ ಚುಚ್ಚಿ ಚರ್ಮ ಎಮ್ಮಿ ತೊಗಲ ಆಗಿತ್ತು. ಮುಂದ ಅಣ್ಣಗ ನೌಕರಿ ಹತ್ತಿದ ಮ್ಯಾಲೆ ಅಕಿ ಮೊದಲ ಏನ ತರಿಸಿದ್ಲು ಗೊತ್ತೇನ? ಸೋಲಾಪುರ ಚಾದರ. ಕೌದಿ ಎಲ್ಲಾ ಅಟ್ಟ ಏರಿದ್ವು. ಹಳೀ ಸೀರಿ ಗಂಟ ಕಟ್ಟಿ, ಓಣ್ಯಾಗ ಪಾತ್ರಿ ಮಾರಾವ್ರು ಬಂದ್ರ ಚೌಕಾಸಿ ಮಾಡಿ ಸ್ಟೀಲ್ ಡಬ್ಬಿ ತಗೊಳ್ತಿದ್ಲು. ಆ ಡಬ್ಬಿ ಮ್ಯಾಲೆ ತನ್ನ ಹೆಸರು ಕೊರಸಿ ಶೆಲ್ಫಿನ್ಯಾಗ ಸಾಲಾಗಿ ಇಟ್ಟಾಗ ಅಕಿ ಮಾರಿ ನೋಡಬೇಕಿತ್ತು ನೀವು. ಕೊಳ್ಳೂ ಭಾಗ್ಯ ಅಕಿಗೆ ಐವತ್ತರ ವಯಸ್ಸಿನ್ಯಾಗ ಸಿಕ್ಕಿತ್ತು. ಅದರ ವಿರುದ್ಧ ಅಕಿ ಯಾಕ ಬಂಡಾಯ ಏಳ್ತಾಳ?

ಬಣ್ಣದಡಬ್ಬಿ
ಕಾಕಾ ಹೇಳಿದ್ದು ಒಪ್ತೀನಿ, ಆದ್ರೆ ಪೂರ್ತಿ ಅಲ್ಲ. ಥಂಡಿ ತಡೆಯೋದೊಂದೇ ಉದ್ದೇಶ ಆಗಿದ್ರೆ ಸಿಕ್ಕ ತುಂಡನ್ನ ಸಿಕ್ಕ ಕಡೆ ಹಾಕಿ ಹೊಲಿದು ಬಿಸಾಕಿರೋರು. ನನ್ನ ಹತ್ರ ಒಂದು ಹಳೆ ಕೌದಿ ಇದೆ, ಈಗ ಎದುರಿಗೇ ಹಾಸ್ಕೊಂಡು ಬರೀತಿದೀನಿ. ನಡುವೆ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು, ಅದರ ಸುತ್ತ ನಾಲ್ಕು ಕಡೆಗೂ ಹಸಿರು, ಆಮೇಲೆ ಯಾವನದೋ ಪಟ್ಟೆಪಟ್ಟೆ ಪೈಜಾಮ. ಪಟ್ಟೆಗಳನ್ನ ಒಂದು ಕಡೆ ಉದ್ದಕ್ಕೆ ಒಂದು ಕಡೆ ಅಡ್ಡಕ್ಕೆ ಕೂರಿಸಿದಾರೆ, ಒಂದೇ ಒಂದು ಮೂಲೆಯಲ್ಲಿ ಮಾತ್ರ ಕ್ರಮ ತಪ್ಪಿಸಿದಾರೆ. ಬಟ್ಟೆ ಸಾಲದೆ ಹಾಗೆ ಮಾಡಿದ್ದಲ್ಲ, ಅದೇ ಪೈಜಾಮದ ತುಂಡು ಹಿಂಬದಿಗೆ ಧಾರಾಳವಾಗಿ ಬಳಸಿದಾರೆ. ಹೊಲಿಗೆ ಅಂಚಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಕ್ಕೆ ಬರುತ್ತೆ, ಬೆರಳಾಡಿಸಿದ್ರೆ ಉತ್ತ ಹೊಲದ ಸಾಲಿನ ಹಾಗೆ. ಫೈನ್ ಆರ್ಟ್ಸ್ ಕ್ಲಾಸಲ್ಲಿ ಕಾಂಪೋಸಿಷನ್ ಅಂತ ವರ್ಷಗಟ್ಟಲೆ ಕಲಿಸೋದು ಇದನ್ನೇ. ಬಡತನ ಇತ್ತು ಅಂದ ಮಾತ್ರಕ್ಕೆ ಕಣ್ಣಿರ್ಲಿಲ್ಲ ಅಂತಲ್ವಲ್ಲ.

ಜೋಳದರೊಟ್ಟಿ
ಕಣ್ಣ ಇರ್ಲಿಲ್ಲ ಅಂತ ನಾ ಎಲ್ಲೆ ಅಂದೆ? ನಮ್ಮವ್ವ ಪಕ್ಕದ ಮನ್ಯಾಕಿ ಕೌದಿ ನೋಡಿ "ಇದೇನ ಹೊಲಿಗಿ, ಕಾಗಿ ಕಾಲ" ಅಂತಿದ್ಲು. ಛಂದ ಯಾವುದು ಅಂತ ಬರೋಬ್ಬರಿ ಗೊತ್ತಿತ್ತು. ನಾ ಅಂದಿದ್ದು ಬಂಡಾಯದ ಮಾತಿಗೆ.

ಹಳಿಯಾಳಲೋಕಲ್
ಚಂದ ಮತ್ತು ಅಗತ್ಯ ಬೇರೆ ಮಾಡಕ್ಕಾಗಲ್ಲ ಅನ್ನೋದಕ್ಕೆ ನಮ್ಮ ಕಡೆ ಸಿದ್ದಿಯರ ಕವಂದಿ ನೋಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸುತ್ತ ಕಾಡಂಚಿನ ಊರುಗಳಲ್ಲಿ ಹೊಲೀತಾರೆ. ಆಫ್ರಿಕಾ ಮೂಲದ ಜನ, ಪೋರ್ಚುಗೀಸರ ಕಾಲದಿಂದ ಗುಲಾಮರಾಗಿ ಗೋವಾಕ್ಕೆ ಬಂದವರು ಬಹಳ, ತಪ್ಪಿಸ್ಕೊಂಡು ಘಟ್ಟದ ಕಾಡು ಸೇರಿದವರು ಅದರಲ್ಲಿ ಎಷ್ಟೋ. ಅವರಲ್ಲಿ ಹೊಲಿಗೆ ಮುಗಿದ ಮೇಲೆ ನಾಲ್ಕೂ ಮೂಲೆಗೆ ಬಟ್ಟೆನ ಮಡಿಚಿ ಮಡಿಚಿ ಮಾಡಿದ ದಪ್ಪ ತ್ರಿಕೋನ ಕೂರಿಸ್ತಾರೆ, ಫೂಲ ಅಂತಾರೆ. ಅದರಿಂದ ಬೆಚ್ಚಗೇನೂ ಆಗಲ್ಲ, ಯಾವ ಉಪಯೋಗಾನೂ ಇಲ್ಲ. ಆದ್ರೆ ಫೂಲ ಇಲ್ದಿದ್ರೆ ಕವಂದಿ ಬತ್ತಲೆ ಅಂತ ಹೇಳ್ತಾರೆ, ಮುಗೀತು ಅಂತ ಒಪ್ಪಲ್ಲ. ಮೇಲಿಂದ ಟಿಕೇಲಿ ಅಂತ ಬಣ್ಣದ ಚಿಕ್ಕ ಚಿಕ್ಕ ಚೌಕ ಬೇರೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರೋ ಶಾಂಬರ್ಗ್ ಸೆಂಟರ್‌ವರೆಗೂ ಹೋಗಿ ಪ್ರದರ್ಶನ ಆಗಿದೆ ಇವು. ಇಲ್ಲಿ ಮನೇಲಿ ಅದರ ಮೇಲೇ ಮಗು ಮಲಗಿ ಉಚ್ಚೆ ಹೊಯ್ತಿರುತ್ತೆ. ಎರಡೂ ಕವಂದಿನೇ.

ಸುಬ್ಬಕ್ಕ_ಸ್ಯಾನ್‌ಹೊಸೆ
ಹಾರ್ಲೆಮ್ ಅಂದಿದ್ದಕ್ಕೆ ನೆನಪಾಯ್ತು ನೋಡಿ, ಇಲ್ಲಿ ಅಮೆರಿಕದಲ್ಲಿ ಇದೇ ಜಗಳ ಆಗಲೇ ಒಂದು ಸುತ್ತು ಆಗಿ ಹೋಗಿದೆ. ಅಲಬಾಮಾದಲ್ಲಿ ಜೀಸ್ ಬೆಂಡ್ ಅಂತ ಒಂದು ಊರು, ನದಿ ಮೂರು ಕಡೆ ಸುತ್ತುವರಿದಿದೆ. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಗೇಣಿ ಮಾಡ್ಕೊಂಡಿದ್ರು. ಹೆಂಗಸರು ಹೊಲದ ಕೆಲಸಕ್ಕೆ ಹಾಕಿ ಸವೆದ ಪ್ಯಾಂಟು, ಗೊಬ್ಬರದ ಚೀಲ ಎಲ್ಲ ಸೇರಿಸಿ ಕೌದಿ ಥರದ್ದೇ ಹೊಲೀತಿದ್ರು, ಮನೆ ಗೋಡೆ ಸಂದಿಯಿಂದ ಗಾಳಿ ನುಗ್ತಿತ್ತಲ್ಲ ಅದಕ್ಕೆ.

1960ರ ದಶಕದಲ್ಲಿ ಕರಿಯರ ಮತದ ಹಕ್ಕಿನ ಚಳವಳಿ ಬಂತು. ಜೀಸ್ ಬೆಂಡ್‌ನವರು ಹೆಸರು ನೋಂದಾಯಿಸೋಕೆ ನದಿ ದಾಟಿ ಪೇಟೆಗೆ ಹೋಗ್ಬೇಕು, 1962ರಲ್ಲಿ ಆ ದೋಣಿ ಸೇವೆನೇ ನಿಲ್ಲಿಸಿಬಿಟ್ರು, ಮತ್ತೆ ಶುರುವಾಗಿದ್ದು 2006ರಲ್ಲಿ! ವೋಟಿಗೆ ಹೆಸರು ಕೊಟ್ಟವರನ್ನ ಆ ಸೀಮೆಯಲ್ಲಿ ಮನೆ ಜಮೀನು ಬಿಡಿಸಿ ಹೊರಗೆ ಹಾಕಿದ್ರು. ಆಗ 1966ರಲ್ಲಿ ಹೆಂಗಸರು ಸೇರ್ಕೊಂಡು ಫ್ರೀಡಮ್ ಕ್ವಿಲ್ಟಿಂಗ್ ಬೀ ಅಂತ ಒಂದು ಸಹಕಾರ ಸಂಘ ಕಟ್ಟಿದ್ರು. ಕೌದಿ ಮಾರಿದ ದುಡ್ಡು ಜಮೀನ್ದಾರನ ಕೈಗೆ ಹೋಗದೆ ಹೊಲಿದವಳ ಕೈಗೇ ಬರೋ ಹಾಗೆ. ನ್ಯೂಯಾರ್ಕ್‌ನ ದೊಡ್ಡ ಅಂಗಡಿಗಳಿಗೂ ಮಾರಿದ್ರು, ಸಿಯರ್ಸ್ ಅನ್ನೋ ದೊಡ್ಡ ಕಂಪನಿಗೆ ಕಾರ್ಡುರಾಯ್ ದಿಂಬಿನ ಕವರೂ ಹೊಲಿದುಕೊಟ್ರು. ಗ್ರಾಹಕ ಸಂಸ್ಕೃತಿ ವಿರೋಧಿಸ್ತೀವಿ ಅಂತ ಅವರೇನೂ ಹೇಳ್ಲಿಲ್ಲ, ಅದರ ಹೊಟ್ಟೆ ಒಳಗೇ ನುಗ್ಗಿ ದುಡ್ಡು ತಂದ್ರು. ನನ್ನ ಕೇಳಿದ್ರೆ ಮುಂಗಾರುಮಳ್ಳ ಅವರು ಹುಡುಕ್ತಿರೋ ಪ್ರತಿಭಟನೆ ಇರೋದು ಈ ಸಂಘದಲ್ಲಿ. ಕೌದಿ ಬಟ್ಟೆ ಒಳಗೆ ಹುಡುಕಿದ್ರೆ ಹತ್ತಿ ಸಿಗುತ್ತೆ ಅಷ್ಟೇ.

ಆಮೇಲಿಂದು ಇನ್ನೂ ಮಜಾ. 2002ರಲ್ಲಿ ಹ್ಯೂಸ್ಟನ್ ಮ್ಯೂಸಿಯಂ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಗೋಡೆ ಮೇಲೆ ಹೋದ್ವು. ಮಾಡರ್ನ್ ಆರ್ಟ್ ಅಂತ ಪೇಪರಿನವರು ಹೊಗಳಿದ್ದೇ ಹೊಗಳಿದ್ದು. 2006ರಲ್ಲಿ ಅಂಚೆಚೀಟಿ ಬಂತು. 2007ರಲ್ಲಿ ಅದೇ ಊರಿನ ಕೆಲವು ಹೆಂಗಸರು ನಮಗೆ ಸಲ್ಲಬೇಕಾದ್ದು ಸಂದಿಲ್ಲ ಅಂತ ಕೋರ್ಟಿಗೆ ಹೋದ್ರು, ಆಮೇಲೆ ರಾಜಿಯಲ್ಲಿ ಮುಗೀತು.

ಅರ್ಧಟೀ
ಸುಬ್ಬಕ್ಕ ಒಂದೇ ಕಾಮೆಂಟಲ್ಲಿ ಡಾಕ್ಯುಮೆಂಟರಿ ತೋರಿಸಿಬಿಟ್ರು. ದೋಣಿ ನಿಲ್ಸಿ ನಲವತ್ನಾಲ್ಕು ವರ್ಷ! ನಮ್ಮೂರ ಸೇತುವೆ ಕಾಮಗಾರಿ ಎಷ್ಟೋ ವಾಸಿ.

ಮುಂಗಾರುಮಳ್ಳ
ಸುಬ್ಬಕ್ಕ, ಸೂಪರ್. ಆದ್ರೆ ನನ್ನ ಹಠ ಬಿಡಲ್ಲ. ಸಂಘ ಕಟ್ಟಿದ್ರೆ ಮಾತ್ರ ಪ್ರತಿಭಟನೆ, ಮನೇಲಿ ಸುಮ್ನೆ ಬಳಸಿದ್ರೆ ಅಲ್ಲ ಅಂದ್ರೆ ಹೇಗೆ? ನೂರು ಜಾಹೀರಾತು ಕಣ್ಣಿಗೆ ಬಡಿಯೋ ಕಾಲದಲ್ಲಿ, ಕೈಯಲ್ಲಿ ದುಡ್ಡಿದ್ರೂ "ಬೇಡ, ಇರೋದೇ ಸಾಕು" ಅನ್ನೋದು ಸಣ್ಣ ಮಾತಾ? ಕಾಕಾ ಅವರ ಅವ್ವನಿಗೆ ಆಯ್ಕೆ ಇರ್ಲಿಲ್ಲ, ಸರಿ. ನನಗೆ ಇದೆ. ಆಯ್ಕೆ ಇರೋನು ಕೌದಿ ಹೊದ್ಕೊಂಡ್ರೆ ಅದು ಪ್ರತಿರೋಧ ಆಗಲ್ವಾ?

ಜೋಳದರೊಟ್ಟಿ
ನೀ ಹೊಲೀತೀ ಏನು?

ಮುಂಗಾರುಮಳ್ಳ
ಇಲ್ಲ ಕಾಕಾ. ಕೊಂಡ್ಕೋತೀನಿ.

ಜೋಳದರೊಟ್ಟಿ
ಹಂಗಾರ ನೀ ಗಿರಾಕಿ. ಹೊದಕೋ, ಬೆಚ್ಚಗಿರು.

ಸೂಜಿದಾರ
ಇಷ್ಟೊತ್ತು ಸುಮ್ನೆ ಓದ್ತಿದ್ದೆ, ಈಗ ಬಾಯಿ ಬಿಡ್ಲೇಬೇಕು, ನಾನು ಕೌದಿ ಮಾರೋಳು. ಮಾಲ್ ಅಲ್ಲ, ಇನ್‌ಸ್ಟಾಗ್ರಾಮಲ್ಲಿ. ಕಲಘಟಗಿ ಕಡೆ ಹಳ್ಳಿ ಹೆಣ್ಮಕ್ಕಳು ಹೊಲಿದುಕೊಡ್ತಾರೆ. ನಾನೂ ಒಂದು ಸತ್ಯ ಹೇಳ್ತೀನಿ, ಹೊರಗೆ ಯಾರೂ ಹೇಳಲ್ಲ ಇದನ್ನ.

ಹಳೆ ಸೀರೆಯಿಂದ ಮಾಡಿದ ಕೌದಿ ಅಂತ ಹಾಕಿದ್ರೆ ಗಿರಾಕಿ ಕೇಳೋ ಮೊದಲ ಪ್ರಶ್ನೆ, "ಮೇಡಂ ಯಾರೋ ಉಟ್ಟಿದ್ದಲ್ಲ ತಾನೇ?" ಕಲೆ ಇರಬಾರದು, ಬಣ್ಣ ಮಾಸಿರಬಾರದು, ಆದ್ರೆ ಹಳೇದರ ಥರ ಕಾಣ್ಬೇಕು. ಇನ್ನೊಂದು, ಹಳೆ ಕಾಟನ್ ಸೀರೆನೇ ಸಿಗಲ್ಲ ಈಗ. ಹಳ್ಳೀಲೂ ಎಲ್ಲ ಸೂರತ್ ಸಿಂಥೆಟಿಕ್. ಅದನ್ನ ಕೌದಿಗೆ ಹಾಕಿದ್ರೆ ಪದರ ಜಾರುತ್ತೆ, ಸೂಜಿ ಕಿರ್ರ್ ಅನ್ನುತ್ತೆ, ಹೊದ್ಕೊಂಡ್ರೆ ಬೆವರು ಹೀರಲ್ಲ, ಮೈಗೆ ಅಂಟುತ್ತೆ. ಅದಕ್ಕೇ ಏನ್ಮಾಡ್ತೀವಿ ಅಂದ್ರೆ, ಹೊಸ ಕಾಟನ್ ಥಾನು ತರ್ತೀವಿ, ಎರಡ್ಮೂರು ಸಲ ಒಗೆದು ಗಂಜಿ ಬಿಡಿಸಿ ಮೆತ್ತಗೆ ಮಾಡ್ತೀವಿ, ಕತ್ತರಿಸಿ ತುಂಡು ಮಾಡ್ತೀವಿ, ಆ ತುಂಡುಗಳನ್ನ ಮತ್ತೆ ಜೋಡಿಸಿ ಹೊಲೀತೀವಿ. ಹೊಸ ಬಟ್ಟೆನ ಚಿಂದಿ ಮಾಡಿ ಚಿಂದಿ ಬಟ್ಟೆ ಕಲೆ ಮಾಡೋದು. ಹೊಲಿಯೋ ಅಕ್ಕ ಮೊದಲ ದಿನ ಥಾನಿಗೆ ಕತ್ತರಿ ಹಾಕ್ಲೇ ಇಲ್ಲ, "ಇಷ್ಟ್ ಛಲೋ ಅರಬಿ ಯಾಕ ಹಾಳ ಮಾಡ್ತೀರಿ ಬಾಯಾರ" ಅಂದ್ರು.

ಬಣ್ಣದಡಬ್ಬಿ
ಅಯ್ಯೋ, ಆ ಅಕ್ಕನ ಮಾತು ಇಡೀ ಥ್ರೆಡ್‌ಗಿಂತ ತೂಕದ್ದು.

ಜೋಳದರೊಟ್ಟಿ
ಸೂಜಿದಾರ ತಂಗಿ, ಖರೇ ಮಾತ ಹೇಳಿದಿ. ಇನ್ನೊಂದ ಖರೇ ಹೇಳು. ಹೊಲದಾಕಿಗೆ ಎಷ್ಟ ಮುಟ್ಟತೈತಿ?

ಸೂಜಿದಾರ
ಮಾರೋ ಬೆಲೆಯಲ್ಲಿ ಮೂರನೇ ಒಂದು ಭಾಗದ ಹತ್ರ ಹತ್ರ. ಬಟ್ಟೆ, ದಾರ, ಕೊರಿಯರ್, ವಾಪಸ್ ಬರೋ ಪೀಸು ಎಲ್ಲ ನನ್ನ ಲೆಕ್ಕಕ್ಕೆ. ಡಬಲ್ ಸೈಜಿನ ಕೌದಿ ಒಬ್ಬರೇ ಮನೆ ಕೆಲಸ ಮುಗಿಸಿ ಮಧ್ಯಾಹ್ನ ಮಧ್ಯಾಹ್ನ ಕೂತು ಹೊಲಿದ್ರೆ ತಿಂಗಳಾಗುತ್ತೆ. ಕೂಲಿ ಲೆಕ್ಕ ಹಾಕಿದ್ರೆ ಕಮ್ಮಿನೇ, ನನಗೇ ಗೊತ್ತು. ಜಾಸ್ತಿ ಮಾಡಿದ್ರೆ ರೇಟ್ ಏರುತ್ತೆ, ರೇಟ್ ಏರಿದ್ರೆ ಇಲ್ಲೇ ಯಾರಾದ್ರೂ ಫೋಟೋ ಹಾಕಿ ಹದಿನಾಲ್ಕು ಸಾವಿರ ಅಂತ ಆಡ್ಕೋತಾರೆ.

ಮುಂಗಾರುಮಳ್ಳ
ಸೂಜಿದಾರ ಅವರೇ, ಆಡ್ಕೊಂಡಿದ್ದು ರೇಟಿಗಲ್ಲ, ಚೀಟಿಗೆ. ಕೈಕೆಲಸಕ್ಕೆ ಹದಿನಾಲ್ಕು ಕೊಡ್ಲಿ, ಇಪ್ಪತ್ತು ಕೊಡ್ಲಿ. ಆ ಚೀಟಿಯಲ್ಲಿ ಹೊಲಿದವಳ ಹೆಸರು ಇರ್ಲಿಲ್ಲ, ಬ್ರ್ಯಾಂಡಿನ ಹೆಸರು ದಪ್ಪಕ್ಷರದಲ್ಲಿತ್ತು.

ಸಾಗರದಕಡೆಯೋಳು
ರೇಟಿನ ವಿಷಯ ಬಂತಲ್ಲ, ನಮ್ಮ ಹೆಗ್ಗೋಡಿನ ಪಕ್ಕ ಭೀಮನಕೋಣೆಯಲ್ಲಿ ಚರಕ ಇದೆ ಮಾರಾಯ್ರೆ, ರಂಗಕರ್ಮಿ ಪ್ರಸನ್ನ ಅವರು ಮುಂದೆ ನಿಂತು ಕಟ್ಟಿದ ಮಹಿಳೆಯರ ಸಹಕಾರ ಸಂಘ. ಕೈಮಗ್ಗದ ಬಟ್ಟೆ, ಬಣ್ಣ ಎಲ್ಲ ಗಿಡಮೂಲದ್ದು. ಅಡಿಕೆ ಬೇಯಿಸಿದ ಚೊಗರಲ್ಲಿ ಬಟ್ಟೆ ಅದ್ದಿದ್ರೆ ಬರೋ ಆ ಕಂದುಗೆಂಪು ಇದ್ಯಲ್ಲ, ನಮ್ಮ ಮನೆಯವರ ಪಂಚೆಗೆ ಅಡಿಕೆ ಸುಗ್ಗಿಯಲ್ಲಿ ಹತ್ತಿದ್ರೆ ಬೈಕೊಂಡು ತಿಕ್ತಿದ್ವಿ, ಅದೇ ಕಲೆ ಅಲ್ಲಿ ಬಣ್ಣ. ದೇಸಿ ಅನ್ನೋ ಹೆಸರಿನ ಅವರದೇ ಅಂಗಡಿಗಳಲ್ಲಿ ಮಾರಾಟ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಹಾಕಬಾರದು ಅಂತ ಪ್ರಸನ್ನ ಅವರು ಕರ ನಿರಾಕರಣೆ ಸತ್ಯಾಗ್ರಹ ಮಾಡಿದ್ರು, ಉಪವಾಸ ಕೂತ್ರು. ಅಂಗಡಿಯಲ್ಲಿ ಕುರ್ತಾ ಮಾರೋದೇ ಸತ್ಯಾಗ್ರಹ ಆಗಿತ್ತು ಆವಾಗ. ಮೇಲೆ ಹೇಳ್ತಿದ್ರಲ್ಲ ಕಲೆ, ಬದುಕು, ಪ್ರತಿಭಟನೆ ಅಂತ, ಮೂರೂ ಒಂದೇ ಬಿಲ್ಲಲ್ಲಿ.

ಆದ್ರೆ 2020ರಲ್ಲಿ ಕೊರೊನಾ ಹೊತ್ತಿಗೆ ಅದೇ ಚರಕ ದಿವಾಳಿ ಅಂತ ಘೋಷಿಸೋ ಸ್ಥಿತಿಗೆ ಬಂತು. ಗೋದಾಮಲ್ಲಿ ಬಟ್ಟೆ ಇತ್ತು, ಕೊಳ್ಳೋರಿರ್ಲಿಲ್ಲ, ಸರ್ಕಾರದಿಂದ ಬರಬೇಕಾದ ದುಡ್ಡೂ ಬಂದಿರ್ಲಿಲ್ಲ. ಅದಕ್ಕೇ ಯಾರಾದ್ರೂ "ಏನೂ ಕೊಳ್ಳಬೇಡಿ, ಅದೇ ಕ್ರಾಂತಿ" ಅಂದ್ರೆ ನಂಗೆ ಸಿಟ್ಟು ಬರೋದು. ನೀವು ಕೊಳ್ಳದೇ ಇದ್ರೆ ಮಾಲ್ ಮುಚ್ಚಲ್ಲ, ಮೊದಲು ಮುಚ್ಚೋದು ಮಗ್ಗ.

ಗಂಡುಮೆಟ್ಟಿದನಾಡು
ಸಾಗರದವ್ರ ಮಾತಿಗೆ ನಮ್ಮ ಹುಬ್ಬಳ್ಳಿದು ಸೇರಿಸ್ತೀನಿ. ಬೆಂಗೇರಿ ಖಾದಿ ಸಂಘ ಗೊತ್ತಿರಬೇಕಲ್ಲ ಎಲ್ಲಾರಿಗೂ, ರಾಷ್ಟ್ರಧ್ವಜ ಹೊಲಿಯೂ ಜಾಗಾ. ಬಟ್ಟಿ ನೇಯೂದು ಬಾಗಲಕೋಟಿ ಕಡೆ ತುಳಸಿಗೇರಿ, ನಮ್ಮ ಗರಗದಾಗೂ ಧ್ವಜದ ಬಟ್ಟಿ ನೇಯ್ತಾರ. ನೂಲೋರು, ನೇಯೋರು, ಹೊಲಿಯೋರು ಬಹುಪಾಲು ಹೆಣ್ಮಕ್ಕಳ. ಸೆಂಟಿಮೀಟರಿಗೆ ಎಷ್ಟು ಎಳಿ, ಚಕ್ರ ಎರಡೂ ಕಡೆ ಒಂದ ಜಾಗಾಕ್ಕ ಕೂಡಬೇಕು, ಎಲ್ಲಾ ಅಳತಿ ಐತಿ, ಸ್ವಲ್ಪ ಆಚೀಚಿ ಆದ್ರ ರಿಜೆಕ್ಟ್. ಅಷ್ಟು ಸೂಕ್ಷ್ಮ ಕೆಲಸ, ಆದ್ರ ಯಾರೂ ಅದನ್ನ ಕಲೆ ಅನ್ನೂದಿಲ್ಲ, ಮಜೂರಿ ಅಂತಾರ.

ಖಾದಿ ಅಂದ್ರ ಒಂದು ಕಾಲಕ್ಕ ಪಕ್ಕಾ ಬಂಡಾಯ, 1921ರಾಗ ಗಾಂಧೀಜಿ ಮುಂಬೈದಾಗ ಪರದೇಶಿ ಬಟ್ಟಿ ರಾಶಿ ಹಾಕಿ ಬೆಂಕಿ ಹಚ್ಚಿಸಿದ್ರು. ನೂಲೂದು ಮನಿ ಕೆಲಸಾನೂ ಹೌದು, ಇಂಗ್ಲಿಷರ ಗಿರಣಿ ಮಾಲ್ ಒಲ್ಲೆ ಅನ್ನೂದೂ ಹೌದು. ಈಗ ಬರ್ರಿ 2021ರ ಡಿಸೆಂಬರಿಗೆ. ಧ್ವಜ ಸಂಹಿತೆ ತಿದ್ದುಪಡಿ ಆತು, ಪಾಲಿಯೆಸ್ಟರ್ ನಡೀತೈತಿ, ಮಷಿನ್ ಮಾಡಿದ್ದೂ ನಡೀತೈತಿ ಅಂತ. ಮುಂದಿನ ಆಗಸ್ಟಿಗೆ ಮನಿ ಮನಿಗೆ ಧ್ವಜ ಹಾರಿಸೂ ಅಭಿಯಾನ ಬಂತು. ಊರತುಂಬ ಧ್ವಜ, ಬೆಂಗೇರಿಗೆ ಆರ್ಡರ್ ಕಮ್ಮಿ! ಸಂಘದವ್ರು ಬೀದಿಗಿಳದು ವಿರೋಧ ಮಾಡಿದ್ರು. ಸಿಂಥೆಟಿಕ್ ಕೌದಿನೂ ಕೆಡಿಸ್ತು, ಧ್ವಜಾನೂ ಕೆಡಿಸ್ತು.

ಬಣ್ಣದಡಬ್ಬಿ
ಧ್ವಜ ಹೊಲಿಯೋದು ಅಂದ ತಕ್ಷಣ ಬ್ಯಾಂಕ್ಸಿ ನೆನಪಾದ, ಇಂಗ್ಲೆಂಡಲ್ಲಿ ಮುಖ ತೋರಿಸದೆ ರಾತ್ರೋರಾತ್ರಿ ಗೋಡೆ ಮೇಲೆ ಚಿತ್ರ ಬಿಡಿಸೋ ಕಲಾವಿದ. 2012ರಲ್ಲಿ ಲಂಡನ್ನಿನ ವುಡ್ ಗ್ರೀನ್‌ನಲ್ಲಿ ಎಲ್ಲ ಅಗ್ಗಕ್ಕೆ ಮಾರೋ ಒಂದು ಅಂಗಡಿ ಗೋಡೆ ಮೇಲೆ, ಬರಿಗಾಲಲ್ಲಿ ಮಂಡಿಯೂರಿ ಹೊಲಿಗೆ ಮಷಿನ್‌ನಲ್ಲಿ ಬ್ರಿಟಿಷ್ ಬಾವುಟದ ತೋರಣ ಹೊಲಿತಿರೋ ಹುಡುಗನ ಚಿತ್ರ ಬಿಡಿಸಿದ. ರಾಣಿಯ ವಜ್ರಮಹೋತ್ಸವದ ವರ್ಷ ಅದು. ಎಲ್ಲರ ಮನೆ ಮುಂದಿನ ತೋರಣ ಯಾವ ಮಕ್ಕಳು ಹೊಲಿದಿದ್ದು ಅಂತ ಚುಚ್ಚಿದ್ದು. ಮುಂದಿನ ವರ್ಷ ಏನಾಯ್ತು? ಗೋಡೆ ಸಮೇತ ಕೊರೆದು ತೆಗೆದು ಅಮೆರಿಕದ ಮಯಾಮಿ ಹರಾಜಿಗೆ ಇಟ್ರು, ಊರವರು ಗಲಾಟೆ ಮಾಡಿದ್ಮೇಲೆ ಅಲ್ಲಿಂದ ವಾಪಸ್ ತಗೊಂಡು, ಕೊನೆಗೆ ಲಂಡನ್ನಲ್ಲೇ ಮಾರಿದ್ರು.

2018ರಲ್ಲಿ ಅವನದೇ ಇನ್ನೊಂದು ಚಿತ್ರ ಸದಬೀಸ್ ಹರಾಜಲ್ಲಿ ಹತ್ತು ಲಕ್ಷ ಪೌಂಡ್ ದಾಟಿ ಹೋಯ್ತು, ಸುತ್ತಿಗೆ ಬಿದ್ದ ಕ್ಷಣಕ್ಕೆ ಫ್ರೇಮ್ ಒಳಗಿದ್ದ ಷ್ರೆಡರ್ ಆನ್ ಆಗಿ ಅರ್ಧ ಚಿತ್ರ ಚೂರು ಚೂರು. ಮಾರುಕಟ್ಟೆಗೆ ಕಪಾಳಮೋಕ್ಷ ಅಂದ್ಕೊಂಡ್ರೆ, 2021ರಲ್ಲಿ ಆ ಹರಿದ ಚಿತ್ರ ಒಂದು ಕೋಟಿ ಎಂಬತ್ತೈದು ಲಕ್ಷ ಪೌಂಡ್‌ಗೆ ಹೋಯ್ತು. ಹರಿದ್ರೆ ರೇಟ್ ಜಾಸ್ತಿ. ಫ್ರಾನ್ಸಿನ ಚಿಂತಕ ಗಿ ದಬೋರ್ ಮತ್ತವನ ಗೆಳೆಯರು 1960ರ ದಶಕದಲ್ಲೇ ಇದನ್ನ ಹೇಳಿದ್ರು, ಈ ವ್ಯವಸ್ಥೆ ತನ್ನ ವಿರೋಧಿಗಳನ್ನೂ ಸರಕು ಮಾಡಿ ಷೋಕೇಸಿಗೆ ಇಡುತ್ತೆ ಅಂತ. ಮಾಲ್‌ನ ಆ ಚೀಟಿ ಅದೇ.

ಅರ್ಧಟೀ
ನಮ್ಮ ಮನೇಲಿ ಇಲಿ ಎರಡು ಕೌದಿ ಹರಿದಿದೆ. ಹರಾಜು ಎಲ್ಲಿ ನಡೆಯುತ್ತೆ?

ಸಾಗರದಕಡೆಯೋಳು
ಗೋಡೆ ಕೊರೆದುಕೊಂಡು ಹೋದ್ರು ಅಂದಿದ್ದಕ್ಕೆ ಒಂದು ಸಣ್ಣದು ಸೇರಿಸ್ತೀನಿ. ನಮ್ಮಲ್ಲಿ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹಸೆ ಗೋಡೆ ಬರೀತಾರೆ, ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿ ಕಪ್ಪು, ಪುಂಡಿ ನಾರಿನ ಬ್ರಷ್ಷು. ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೂ ಅದೇ ಎಳೆ, ಭೂಮಣ್ಣಿ ಬುಟ್ಟಿ ಅಂತೀವಿ. ಬೆಳಗಿನ ಜಾವ ಅದರಲ್ಲಿ ಅಡುಗೆ ಹೊತ್ಕೊಂಡು ಗದ್ದೆಗೆ ಹೋಗಿ ಅಚ್ಚಂಬ್ಲಿ ಹಾಲಂಬ್ಲಿ ಅಂತ ಕೂಗ್ತಾ ಬೀರೋದು. ಗೋಡೆ ಮುಂದಿನ ವರ್ಷ ಸಾರಿಸಿದ್ರೆ ಚಿತ್ರ ಹೋಯ್ತು, ಯಾರೂ ಅಳಲ್ಲ, ಮತ್ತೆ ಬರೀತಾರೆ. ಈಗ ಎಂಡಿಎಫ್ ಹಲಗೆ ಮೇಲೆ ಬರೆದು ಮಾರ್ತಾರೆ. ನಂಗೇನೂ ಬೇಜಾರಿಲ್ಲ, ನಮ್ಮೋರಿಗೆ ನಾಲ್ಕು ಕಾಸು ಬಂತು. ಆದ್ರೆ ಆರ್‌ಸಿಸಿ ಮನೆಯಲ್ಲಿ ಏಷ್ಯನ್ ಪೇಂಟ್ಸ್ ಹೊಡೆದ ಗೋಡೆ ಮೇಲೆ ಕೆಮ್ಮಣ್ಣು ಕೂರಲ್ಲ, ಅದಂತೂ ಹೌದು.

ಮುಂಗಾರುಮಳ್ಳ
ಸರಿ, ಕಾಕಾ ಅಂದ "ನೀ ಗಿರಾಕಿ" ಅನ್ನೋ ಮಾತು ನಿನ್ನೆಯಿಂದ ಚುಚ್ತಾ ಇದೆ. ಹೊಲಿಯೋಕೆ ಕೂತ್ಕೋತೀನಿ. ಅಮ್ಮನ ಹತ್ರ ನಾಲ್ಕು ಹಳೆ ಕಾಟನ್ ಸೀರೆ ಇದೆ, ಮೂರು ಸಿಂಥೆಟಿಕ್. ಏನೇನು ಬೇಕು, ಯಾರಾದ್ರೂ ಹೇಳಿ. ಯೂಟ್ಯೂಬ್ ನೋಡಿದ್ರೆ "ಕಿಟ್" ಕೊಳ್ಳಿ ಅಂತಾನೆ ಎಲ್ಲರೂ.

ಅರ್ಧಟೀ
ಪ್ರತಿರೋಧದ ಸ್ಟಾರ್ಟರ್ ಕಿಟ್, ಕೂಪನ್ ಕೋಡ್ ಅಜ್ಜಿ10.

ಸೂಜಿದಾರ
ಕಿಟ್ ಬೇಡ. ಸಿಂಥೆಟಿಕ್ ಪಕ್ಕಕ್ಕಿಡಿ, ಪಾತ್ರೆಯವರಿಗೆ ಕೊಡಿ. ನಾಲ್ಕು ಸೀರೆಲಿ ಸಿಂಗಲ್ ಕೌದಿ ಆಗುತ್ತೆ. ಎರಡು ಸೀರೆ ಪೂರ್ತಿಯಾಗಿ ಮಡಿಚಿ ಕೆಳಪದರಕ್ಕೆ, ಉಳಿದಿದ್ದು ತುಂಡು ಮಾಡಿ ಮೇಲಕ್ಕೆ. ಅಂಚು ಬಿಸಾಕಬೇಡಿ, ಸುತ್ತ ಪಟ್ಟಿಗೆ ಬೇಕು. ದಪ್ಪ ಕಾಟನ್ ದಾರ, ಉದ್ದ ಸೂಜಿ. ಮೊದಲು ದೊಡ್ಡ ದೊಡ್ಡ ಟಾಕಿ ಹಾಕಿ ಪದರ ಹಿಡಿದು ನಿಲ್ಲಿಸಿ, ಆಮೇಲೆ ಅಂಚಿಂದ ಒಳಕ್ಕೆ. ನಡುವಿಂದ ಶುರು ಮಾಡಿದ್ರೆ ಗುಬ್ಬು ಬರುತ್ತೆ.

ಮುಂಗಾರುಮಳ್ಳ
ಒಗೆಯೋದು ಹೇಗೆ? ವಾಷಿಂಗ್ ಮಷಿನ್‌ಗೆ ಹಾಕ್ಬಹುದಾ?

ಜೋಳದರೊಟ್ಟಿ
ಮಷಿನ್ನಿಗೆ ಹಾಕಬ್ಯಾಡೋ ಮಾರಾಯ, ತೊಯ್ದ ಕೌದಿ ಮಣ ಭಾರ ಇರ್ತೈತಿ, ಮಷಿನ್ ಕುಣೀತೈತಿ. ನಮ್ಮಲ್ಲೆ ವರ್ಷಕ್ಕೊಮ್ಮೆ ಹಳ್ಳಕ್ಕ ಒಯ್ದು ಬಂಡಿಗಲ್ಲಿಗೆ ಬಡದು ಒಗೀತಿದ್ರು, ಇಬ್ಬರು ಎರಡೂ ತುದಿ ಹಿಡದು ಹಿಂಡಬೇಕು. ನಿಂಗ ಬೆಂಗಳೂರಾಗ ಹಳ್ಳ ಎಲ್ಲಿಂದ ಬರಬೇಕು. ಬಚ್ಚಲದಾಗ ರಾತ್ರಿ ನೆನಿ ಹಾಕಿ ಕಾಲಿಲೆ ತುಳಿ, ಟೆರೇಸಿನ ಕಟ್ಟಿ ಮ್ಯಾಲೆ ಹಾಕು, ನೀರ ಇಳಿಲಿ. ಮತ್ತ ಹೊಲಿಯೂ ಮುಂದ ಹೆಬ್ಬಟ್ಟಿಗೆ ಬಟ್ಟಿ ಸುತಗೋ. ಮೊದಲ ಸಾಲ ಹೊಲದ ಮ್ಯಾಲೆ ಫೋಟೋ ಹಾಕು, ಕಾಗಿ ಕಾಲ ಆಗೇತೇನ ನೋಡ್ತೀನಿ.